ಟೈರಿನ ಜಾತಕ

ಅಳಿಯಾ, ಮೇ ತಿಂಗಳಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಗಾಡಿಯಲ್ಲೇ ಊರಿಗೆ ಹೋಗುತ್ತೇನೆ ಎಂದೆಯಲ್ಲ, ಸಂತೋಷ. ಟೈರಿನ ವಿಷಯ ಕೇಳಿದರೆ "ಗ್ರಿಪ್ ಹೊಸದರ ಹಾಗೇ ಇದೆ ಮಾವ, ಇನ್ನೂ ಎರಡು ವರ್ಷ ಓಡುತ್ತದೆ" ಅಂದೆ. ನನಗೆ ಹೆದರಿಕೆಯಾದದ್ದೇ ಆ ಮಾತಿಗೆ. ನೀನು ಕೆಲಸಕ್ಕೆ ಹೋಗುವುದು ಲೋಕಲ್ ಟ್ರೇನಿನಲ್ಲಿ. ಗಾಡಿ ವರ್ಷವಿಡೀ ಮಲಾಡಿನ ಸೊಸೈಟಿಯ ಅಂಗಳದಲ್ಲಿ ಬಿಸಿಲು ಕಾಯುತ್ತಾ ನಿಂತಿರುತ್ತದೆ. ಓಡದ ಗಾಡಿಯ ಟೈರು ಸವೆಯುವುದಿಲ್ಲ ನಿಜ, ಆದರೆ ಮುದಿಯಾಗುತ್ತದೆ. ರಬ್ಬರು ಬಿರುಕು ಬಿಡದಿರಲೆಂದು ಅದರೊಳಗೆ ಮೇಣದಂಥ ಪದಾರ್ಥ ಸೇರಿಸಿರುತ್ತಾರೆ. ಚಕ್ರ ಉರುಳಿ ಟೈರು ಬಾಗಿ ಬಳುಕುತ್ತಿದ್ದರೆ ಅದು ಮೈಮೇಲಕ್ಕೆ ಬಂದು ಕಾಪಾಡುತ್ತದೆ. ನಿಂತಲ್ಲೇ ನಿಂತರೆ ಅದು ಸರಿಯಾಗಿ ಆಗುವುದಿಲ್ಲ. ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಬೆನ್ನಿಗೆ ಸಿಕ್ಕಿಸಿ ಎಳೆದೊಯ್ಯುವ ಮನೆಯಂಥ ಟ್ರೇಲರ್‌ಗಳಿವೆ. ಅವೂ ವರ್ಷದ ಬಹುಪಾಲು ನಿಂತೇ ಇರುತ್ತವೆ. ಅವುಗಳ ಟೈರನ್ನು ಗ್ರಿಪ್ ನೋಡಿ ಅಲ್ಲ, ವಯಸ್ಸು ನೋಡಿ ಬದಲಿಸುವುದೇ ಅಲ್ಲಿಯ ಬುದ್ಧಿವಂತರ ಕ್ರಮ. ನಿನ್ನ ಗಾಡಿಯದೂ ಅದೇ ಲೆಕ್ಕ.

ವಯಸ್ಸು ತಿಳಿಯುವುದು ಕಷ್ಟವಲ್ಲ. ಟೈರಿನ ಜಾತಕ ಅದರ ಮಗ್ಗುಲಲ್ಲೇ ಬರೆದಿರುತ್ತದೆ. ಡಿಒಟಿ ಎಂಬ ಅಕ್ಷರಗಳಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿವೆ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ಹುಟ್ಟಿದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಬೇಕು, ಹತ್ತಾದರೆ ನೋಡಲು ಎಷ್ಟೇ ಚೆನ್ನಾಗಿರಲಿ ಕಳಚಬೇಕು ಎಂದು ಟೈರ್ ಕಂಪನಿಗಳೇ ಹೇಳುತ್ತವೆ. ಬಿಸಿಲಲ್ಲಿ ನಿಂತ ಗಾಡಿಗೆ ನಾನಾದರೆ ಆರರ ಮೇಲೆ ಭರವಸೆ ಇಡುವುದಿಲ್ಲ. ಹೊಸದು ಕೊಳ್ಳುವಾಗಲೂ ಈ ಅಂಕಿ ನೋಡು. ಎರಡು ವರ್ಷ ಗೋದಾಮಿನಲ್ಲಿ ಮಲಗಿದ್ದ ಮಾಲನ್ನು "ಇವತ್ತೇ ಬಂತು ಸಾಬ್" ಎಂದು ಕೊಡಲು ಬಂದರೆ, ಬೇರೆ ಅಂಗಡಿಗೆ ನಡೆ.

ಇನ್ನು ಭಾರ. 185/65 ಆರ್15 88 ಎಚ್ ಎಂದು ಬರೆದಿದ್ದರೆ ಎಲ್ಲರೂ ಮೊದಲಿನ ಅಳತೆ ಓದಿ ಬಿಟ್ಟುಬಿಡುತ್ತಾರೆ. ನೀನು ಆ 88 ಅನ್ನು ಓದು. ಒಂದು ಟೈರು 560 ಕೆ.ಜಿ. ಹೊರಬಲ್ಲದು ಎಂದು ಅರ್ಥ, ನಾಲ್ಕೂ ಸೇರಿ 2,240. ಅದೇ ಜಾಗದಲ್ಲಿ 82 ಇದ್ದರೆ ಒಂದಕ್ಕೆ 475, ನಾಲ್ಕಕ್ಕೆ 1,900 ಮಾತ್ರ. ಹೋಗುವಾಗ ಏಳು ಮಂದಿ, ಬರುವಾಗ ಅವರ ಜೊತೆಗೆ ಕುಚ್ಚಲಕ್ಕಿ ಮೂಟೆ, ತೆಂಗಿನೆಣ್ಣೆ ಡಬ್ಬಿ, ನಿನ್ನ ಅತ್ತೆ ಬೇಡವೆಂದರೂ ತುಂಬುವ ಹಲಸಿನಹಣ್ಣು. ಗಾಡಿಯ ಪುಸ್ತಕದಲ್ಲಿ ಕೊಟ್ಟ ಅಂಕಿಗಿಂತ ಕಡಿಮೆಯದನ್ನು ನೂರಿನ್ನೂರು ರೂಪಾಯಿ ಉಳಿಯುತ್ತದೆಂದು ಹಾಕಿಸಬೇಡ. ಕೊನೆಯ ಎಚ್ ವೇಗದ ಗುರುತು, ಗಂಟೆಗೆ 210 ಕಿ.ಮೀ.; ಅದರ ಚಿಂತೆ ನಮಗೆ ಬೇಡ, ಮಹಾಡ್–ಚಿಪ್ಳೂಣ್ ದಾರಿಯಲ್ಲಿ ಅಷ್ಟು ಓಡಿಸುವವನಿಗೆ ಟೈರೇನು ಮಾಡೀತು?

ಬ್ರ್ಯಾಂಡಿನ ಜಗಳಕ್ಕೆ ನಾನಿಲ್ಲ. ನಮ್ಮ ಮೈಸೂರಿನ ವಿಕ್ರಾಂತ್ 1997ರಲ್ಲಿ ಜೆಕೆಯವರ ಕೈಸೇರಿತು, ಹೆಸರುಗಳು ಬದಲಾಗುತ್ತವೆ. ಐಎಸ್‌ಐ ಗುರುತು ಇರಲಿ, ಬಿಲ್ಲು ಇರಲಿ. ಸೆಕೆಂಡ್ ಹ್ಯಾಂಡ್ ಮಾತ್ರ ಬೇಡವೇ ಬೇಡ. ಸವೆದು ನುಣುಪಾದ ಟೈರಿಗೆ ಹೊಸದಾಗಿ ಗೆರೆ ಕೊರೆದು ಕಪ್ಪು ಪಾಲಿಶ್ ಬಳಿದರೆ ಗುರುತಿಸುವುದು ನಿನ್ನಿಂದಾಗದು.

ಒಂದೇ ಸಲ ನಾಲ್ಕಕ್ಕೂ ದುಡ್ಡು ಹೊಂದದಿದ್ದರೆ ಎರಡು ತೆಗೆದುಕೋ, ಆದರೆ ಹೊಸದನ್ನು ಹಿಂದೆ ಹಾಕಿಸು. "ಎಂಜಿನ್ ಮುಂದಿದೆ, ಮುಂದೆ ಹಾಕೋಣ" ಎಂದು ಅಂಗಡಿಯವನು ವಾದಿಸಬಹುದು. ನೀರು ನಿಂತ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ಇಳಿಸಿ ಹತೋಟಿಗೆ ತರಬಹುದು. ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ. ನೀನು ಮರಳಿ ಬರುವ ಹೊತ್ತಿಗೆ ಕಾರವಾರ, ಹೊನ್ನಾವರದ ಕಡೆ ಮಳೆ ಹಿಡಿದಿರಲೂಬಹುದು. ಗ್ರಿಪ್ಪಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದೆಂದು ಕಾನೂನು. ಮಳೆಗೆ ಅದು ಸಾಲದು, ಮೂರಾದರೂ ಇರಲಿ.

ಗಾಳಿ ತುಂಬಿಸಬೇಕಾದದ್ದು ಬೆಳಿಗ್ಗೆ, ಟೈರು ತಣ್ಣಗಿರುವಾಗ, ಮಲಾಡಿನಲ್ಲೇ. ಎಷ್ಟೆಂದು ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತಾರೆ, ತುಂಬಿದ ಗಾಡಿಗೆ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ತುಂಬಿಸಬೇಕಾದ ಅಳತೆಯಲ್ಲ. ಗಾಳಿ ಕಡಿಮೆಯಾದರೆ ಮಗ್ಗುಲು ಮಡಚಿ ಮಡಚಿ ಕಾಯುತ್ತದೆ, ಹೆದ್ದಾರಿಯಲ್ಲಿ ಎಷ್ಟೋ ಟೈರು ಸಿಡಿಯುವುದು ಹಾಗೆ. ನೈಟ್ರೋಜನ್ ಹಾಕಿಸುವುದಾದರೆ ಹಾಕಿಸು, ನಾವು ಉಸಿರಾಡುವ ಗಾಳಿಯಲ್ಲೂ ನೂರಕ್ಕೆ 78 ಪಾಲು ಅದೇ. ದಾರಿಯಲ್ಲಿ ಬಿಸಿಯಾದ ಟೈರಿನ ಒತ್ತಡ ಹೆಚ್ಚಾಗಿ ಕಂಡರೆ ಗಾಬರಿಬಿದ್ದು ಗಾಳಿ ಬಿಡಬೇಡ.

ಸ್ಟೆಪ್ನಿ ಮರೆಯಬೇಡ. ಗಾಡಿ ಕೊಂಡ ದಿನದಿಂದ ನೆಲಕ್ಕೆ ತಾಗದೇ ಇರುವ ಅದಕ್ಕೂ ಉಳಿದವುಗಳಷ್ಟೇ ವಯಸ್ಸು. ಕಳಚಿದ ನಾಲ್ಕರಲ್ಲಿ ಒಂದನ್ನು ಅಲ್ಲಿ ತೂರಿಸಬೇಡ. ನಿನ್ನದು ಹೊಟ್ಟೆಯಡಿ ನೇತಾಡುವ ಸ್ಟೆಪ್ನಿ. ಅದನ್ನು ಇಳಿಸುವ ರಾಡು ಎಲ್ಲಿದೆ, ಜ್ಯಾಕ್ ಎಲ್ಲಿ ಕೂರಿಸಬೇಕು ಎಂದು ಒಂದು ಭಾನುವಾರ ಸೊಸೈಟಿ ಅಂಗಳದಲ್ಲೇ ಬಿಚ್ಚಿ ನೋಡಿಕೋ. ವಾಚ್‌ಮನ್ ನಕ್ಕರೆ ನಗಲಿ, ಅವನನ್ನೂ ಸಹಾಯಕ್ಕೆ ಕರೆ.