ಯಾವ ಗೇರಿನಲ್ಲಿ ಹೊಗೆ?

ನವಿ ಮುಂಬೈಯ ಸೀವುಡ್ಸ್ ಡೀಸೆಲ್ ಕಾರಿಗೆ ಹೇಳಿ ಮಾಡಿಸಿದ ಊರಲ್ಲ. ರಸ್ತೆ ಅಗಲ, ನೆಲ ಸಮತಟ್ಟು, ವಾಶಿಯಿಂದ ಬೇಲಾಪುರದವರೆಗೆ ಪಾಮ್ ಬೀಚ್ ರಸ್ತೆ ನೀಟಾಗಿ ಹಾಸಿಕೊಂಡಿದೆ, ಎಲ್ಲ ನಿಜ. ಆದರೆ ಇಲ್ಲಿ ನೆಲೆಸಿದವರ ಕಾರು ದಿನಾ ಓಡುವುದು ಬೇರೆ ಕಡೆ. ಬೆಳಿಗ್ಗೆ ಸೀವುಡ್ಸ್-ದಾರಾವೆ ಸ್ಟೇಷನ್ನಿಗೆ ಮನೆಯವರೊಬ್ಬರನ್ನು ಬಿಡಬೇಕು, ಆಮೇಲೆ ಶಾಲೆ, ಸಂಜೆ ನೆರೂಲಿನ ಮಾರ್ಕೆಟ್ಟು. ಎಂಜಿನ್ ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ. ಡೀಸೆಲ್ ಎಂಜಿನ್ನಿಗೆ ಇದರಷ್ಟು ಕೆಟ್ಟ ದಿನಚರಿ ಮತ್ತೊಂದಿಲ್ಲ.

ನನ್ನ ಕಾರು 2009ರದ್ದು, ಬಿಎಸ್-3 ಹೊಗೆ ನಿಯಮದ ಕಾಲದ ಕಾಮನ್ ರೈಲ್ ಟರ್ಬೊ ಡೀಸೆಲ್. ಕಂಪನಿಯ ಹೆಸರು ಬೇಕಿಲ್ಲ. ನಾನು ಹೇಳಹೊರಟ ಕಾಯಿಲೆ ಹದಿನೈದು ವರ್ಷ ದಾಟಿದ ಯಾವ ಡೀಸೆಲ್ಲಿಗೂ ಬರುವಂಥದ್ದು. ಕೊಂಡದ್ದೇ ಧಾರವಾಡಕ್ಕೆ ಹೋಗಿಬರಲು. ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ, ಆ ದಾರಿಯಲ್ಲಿ ಐದನೇ ಗೇರಿನಲ್ಲಿ ಅದು ಓಡುವ ಓಟವೇ ಬೇರೆ. ಅಪ್ಪ ಅಮ್ಮ ನಮ್ಮಲ್ಲಿಗೇ ಬಂದಮೇಲೆ ಊರಿನ ಓಡಾಟ ಕಡಿಮೆಯಾಯಿತು, ಕಾರು ಸೆಕ್ಟರುಗಳ ಸುತ್ತಲೇ ಉಳಿಯಿತು. ಆಮೇಲೆ ಎರಡು ತಕರಾರು ಹೆಚ್ಚುಕಡಿಮೆ ಒಟ್ಟಿಗೇ ಶುರುವಾದವು. ಎರಡನೇ ಗೇರ್ ಒರಟಾಯಿತು, ರಿವರ್ಸ್ ಹಾಕಿದರೆ ಕರ್ ಎಂದು ಹಲ್ಲು ಕಡಿಯುವ ಸದ್ದು. ಇನ್ನೊಂದು, ಸಯಾನ್-ಪನ್ವೇಲ್ ಹೆದ್ದಾರಿಯ ಫ್ಲೈಓವರ್ ಹತ್ತುವಾಗ ಹಿಂದಿನ ಕನ್ನಡಿಯಲ್ಲಿ ಕಪ್ಪು ಹೊಗೆ.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಕಾರನ್ನು ಓಡಿಸಿ ನೋಡದೆಯೇ ಪಟ್ಟಿ ಬರೆದುಕೊಟ್ಟರು: ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಸೆಟ್ ಬದಲಿಸಬೇಕು, ಸಿಂಕ್ರೊ ರಿಂಗು ಹೋಗಿರಬಹುದು, ಟರ್ಬೊ ಹೊಸದು. ಕಾರು ಮಾರಿದರೆ ಬರುವ ದುಡ್ಡಿನ ಅರ್ಧದಷ್ಟು ಆ ಪಟ್ಟಿಗೇ ಹೋಗುತ್ತಿತ್ತು. ನಾನು ಒಪ್ಪಲಿಲ್ಲ. ದುಡ್ಡು ಒಂದು ಕಾರಣವಾದರೆ, ನೋಡದೆ ಹೇಳಿದ ಮಾತು ಅನ್ನುವುದು ಇನ್ನೊಂದು.

ಶಿರವಣೆಯ ಗ್ಯಾರೇಜುಗಳ ಸಾಲಿನಲ್ಲಿ ಕುಂದಾಪುರದ ಕಡೆಯ ಮೇಸ್ತ್ರಿಯೊಬ್ಬರಿದ್ದಾರೆ. ಹೋಟೆಲ್ ಕೆಲಸಕ್ಕೆಂದು ಹುಡುಗನಾಗಿ ಮುಂಬೈಗೆ ಬಂದು ಪಾನೆ ಹಿಡಿದವರು. ಅವರು ಬಾನೆಟ್ ಎತ್ತಲಿಲ್ಲ. ಮೊದಲು ಕೇಳಿದ್ದು, "ಹೊಗೆ ಯಾವ ಗೇರಿನಲ್ಲಿ ಬರುತ್ತದೆ?" ಆಮೇಲೆ, "ಎಂಜಿನ್ ಬಂದ್ ಮಾಡಿ ಗೇರ್ ಹಾಕಿ ನೋಡಿದ್ದೀರಾ?" ಈ ಎರಡು ಪ್ರಶ್ನೆಗಳಿಗೆ ನಾನು ಎಷ್ಟು ಋಣಿಯೋ ಹೇಳಲಾರೆ. ಮುಂದಿನದೆಲ್ಲ ಇವುಗಳಿಗೆ ಉತ್ತರ ಹುಡುಕಿದ ಕಥೆ.

ಎಂಜಿನ್ ಬಂದ್ ಮಾಡಿ ಗೇರ್ ಲಿವರ್ ಆಡಿಸಿದರೆ ಒಂದರಿಂದ ಐದು, ರಿವರ್ಸು, ಎಲ್ಲವೂ ಮೆತ್ತಗೆ ಕೂತವು. ಎಂದರೆ ಲಿವರಿನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ಲು, ಅದರ ಪ್ಲಾಸ್ಟಿಕ್ ಬುಷ್ಷು ಸರಿಯಾಗಿವೆ. ಎಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಸ್ವಲ್ಪ ಹೊತ್ತು ಹಾಗೇ ಇಟ್ಟು ರಿವರ್ಸ್ ಹಾಕಿದರೆ ಅದೇ ಕರ್. ಬಹಳಷ್ಟು ಕಾರುಗಳಲ್ಲಿ ರಿವರ್ಸಿಗೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ರಿಂಗು ಇರುವುದಿಲ್ಲ. ಕ್ಲಚ್ ಎಂಜಿನ್ನನ್ನು ಪೂರ್ತಿ ಬಿಡಿಸಿದ್ದರೆ ಒಳಗಿನ ಶಾಫ್ಟು ಅಷ್ಟರೊಳಗೆ ನಿಂತಿರಬೇಕು, ಗೇರು ಸದ್ದಿಲ್ಲದೆ ಕೂರಬೇಕು. ಕೂರಲಿಲ್ಲ. ಈಗ ಪೆಡಲನ್ನು ಎರಡು ಸಲ ಪಂಪ್ ಮಾಡಿ ಹಾಕಿದರು. ಕೂತಿತು! ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಕ್ಲಚ್ ಪ್ಲೇಟಿನದಾಗಲಿ ಗೇರ್‌ಬಾಕ್ಸಿನದಾಗಲಿ ತಪ್ಪಿರಲಿಲ್ಲ. ಕಾಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಎಣ್ಣೆಯ ಸಾಲಿನಲ್ಲಿ ಗಾಳಿ ಸೇರಿತ್ತು, ಇಲ್ಲವೇ ಎಲ್ಲೋ ಸೋರುತ್ತಿತ್ತು.

ಪೆಡಲಿನ ಮೇಲ್ಗಡೆ ಟಾರ್ಚ್ ಬಿಟ್ಟು ನೋಡಿದರೆ ಮಾಸ್ಟರ್ ಸಿಲಿಂಡರ್ ಒಣಗಿತ್ತು. ಗೇರ್‌ಬಾಕ್ಸಿನ ಪಕ್ಕದ ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಾಗ ಚಹಾ ಡಿಕಾಕ್ಷನ್ ಬಣ್ಣದ ಎಣ್ಣೆ ಬೆರಳ ಮೇಲೆ ಇಳಿಯಿತು. ಕ್ಲಚ್ಚಿಗೂ ಬ್ರೇಕಿಗೂ ಹಾಕುವುದು ಒಂದೇ ಎಣ್ಣೆ, ಡಾಟ್ 3 ಅಥವಾ ಡಾಟ್ 4. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಒಂದು ಕಡೆ ಖಾಡಿ, ಮ್ಯಾಂಗ್ರೋವ್ ಕಾಡು, ನಾಲ್ಕು ತಿಂಗಳ ಮಳೆ; ನಮ್ಮ ಸೀವುಡ್ಸಿನ ಗಾಳಿಗೆ ತೇವದ ಬರವೇ ಇಲ್ಲ. ತೇವ ಸೇರಿದ ಎಣ್ಣೆ ಸಿಲಿಂಡರಿನ ಒಳಮೈಗೆ ಕಿಲುಬು ಹಿಡಿಸುತ್ತದೆ, ಕಿಲುಬಿನ ಒರಟು ರಬ್ಬರ್ ಸೀಲನ್ನು ಸವೆಸುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಈ ಎಣ್ಣೆಯನ್ನು ಸರ್ವಿಸ್ ಬಿಲ್ಲಿನಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಬ್ರೇಕಿನದನ್ನಾದರೂ ಯಾರಾದರೂ ನೆನಪಿಸುತ್ತಾರೆ, ಕ್ಲಚ್ಚಿನದನ್ನು ಯಾರೂ ಇಲ್ಲ. ಸ್ಲೇವ್ ಸಿಲಿಂಡರಿಗೆ ಹೊಸ ಕಿಟ್ ಹಾಕಿ, ಹಳೆಯ ಎಣ್ಣೆ ಪೂರ್ತಿ ತೆಗೆದು ಬ್ಲೀಡ್ ಮಾಡಿದ್ದಕ್ಕೆ ಆದ ಖರ್ಚು ನೂರುಗಳ ಲೆಕ್ಕದಲ್ಲಿ ಮುಗಿಯಿತು. ರಿವರ್ಸಿನ ಸದ್ದು ನಿಂತಿತು.

ಎರಡನೇ ಗೇರ್ ಮಾತ್ರ ಬೆಳಗಿನ ಮೊದಲ ಕಿಲೋಮೀಟರಿನಲ್ಲಿ ಇನ್ನೂ ಬಿಗಿಯಿತ್ತು. ಗೇರ್ ಆಯಿಲ್ ಇಳಿಸಿದರು. ಈ ಕೆಲಸವನ್ನು ಎದುರಿಗೆ ನಿಂತು ನೋಡಬೇಕು. ಇಳಿದ ಎಣ್ಣೆಯನ್ನು ತಟ್ಟೆಯಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿದರೆ ಗೇರ್‌ಬಾಕ್ಸಿನ ಒಳಗಿನ ಸ್ಥಿತಿ ಕಾಣುತ್ತದೆ. ಡ್ರೈನ್ ಬೋಲ್ಟಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಸಹಜ ಸವೆತ. ಉಕ್ಕಿನ ಚೂರು ಸಿಕ್ಕರೆ ಹಲ್ಲು ಮುರಿದಿದೆ. ಎಣ್ಣೆಯಲ್ಲಿ ಚಿನ್ನದ ಪುಡಿಯಂಥ ಮಿನುಗು ತೇಲಿದರೆ ಅದು ಹಿತ್ತಾಳೆ, ಸಿಂಕ್ರೊ ರಿಂಗು ಸವೆಯುತ್ತಿದೆ. ನನ್ನ ತಟ್ಟೆಯಲ್ಲಿ ಮಿನುಗು ಇತ್ತು, ಆದರೆ ತೀರಾ ತೆಳು. ಬಹಳ ಗ್ಯಾರೇಜುಗಳಲ್ಲಿ ಡಿಫರೆನ್ಷಿಯಲ್ಲಿಗೆ ಹಾಕುವ ಜಿಎಲ್-5 ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ಸುರಿಯುತ್ತಾರೆ. ಅದರಲ್ಲಿ ಗಂಧಕದ ರಾಸಾಯನಿಕ ಹೆಚ್ಚು, ಹಿತ್ತಾಳೆಗೆ ಅದು ಆಗಿಬರುವುದಿಲ್ಲ. ಕಾರಿನ ಪುಸ್ತಕದಲ್ಲಿ ಜಿಎಲ್-4 ಎಂದಿದ್ದರೆ ಜಿಎಲ್-4 ಅನ್ನೇ ಕೇಳಿ ಹಾಕಿಸಿ. ಹಾಗೆ ಹಾಕಿಸಿದ ಮೇಲೆ ಬಿಗಿತ ಮುಕ್ಕಾಲು ಪಾಲು ಇಳಿಯಿತು. ಉಳಿದ ಕಾಲು ಪಾಲು ವಯಸ್ಸಿನದು, ಅದರ ಜೊತೆ ಬದುಕಬಹುದು.

ಇನ್ನು ಹೊಗೆ. ಬಣ್ಣದ ಪಾಠ ಎಲ್ಲರಿಗೂ ಗೊತ್ತಿರುವಂಥದ್ದೇ: ನೀಲಿಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ, ಬಿಳಿಯಾಗಿ, ಎಂಜಿನ್ ಬಿಸಿಯಾದಮೇಲೂ ನಿಲ್ಲದಿದ್ದರೆ ಉರಿಯದ ಡೀಸೆಲ್ಲು ಅಥವಾ ಒಳಗೆ ಸೇರುತ್ತಿರುವ ಕೂಲಂಟು, ಕಪ್ಪಾದರೆ ಡೀಸೆಲ್ಲಿಗೆ ತಕ್ಕ ಗಾಳಿ ಇಲ್ಲ. ಮೇಸ್ತ್ರಿ ಕೇಳಿದ್ದು ಬಣ್ಣವನ್ನಲ್ಲ, ಗೇರನ್ನು. ಗಮನಿಸಿದಾಗ ಉತ್ತರ ಸಿಕ್ಕಿತು: ಹೊಗೆ ಬರುತ್ತಿದ್ದದ್ದು ಮೂರನೇ ಗೇರಿನಲ್ಲಿ, ನಿಧಾನ ವೇಗದಲ್ಲಿ, ಏರಿನಲ್ಲಿ. ಎರಡನೇ ಗೇರ್ ಒರಟಾದಾಗ ಯಾರ ಕೈಯಾದರೂ ತಾನಾಗಿ ಅದನ್ನು ತಪ್ಪಿಸುತ್ತದೆ. ಎರಡಕ್ಕೆ ಇಳಿಸಬೇಕಾದ ಕಡೆ ಮೂರರಲ್ಲೇ ಎಳೆಸುತ್ತೇವೆ. ಆ ಕಡಿಮೆ ಆರ್‌ಪಿಎಂನಲ್ಲಿ ಟರ್ಬೊ ಇನ್ನೂ ಗಾಳಿ ತುಂಬಲು ಶುರುಮಾಡಿರುವುದಿಲ್ಲ, ಆಕ್ಸಿಲರೇಟರ್ ಮಾತ್ರ ನೆಲ ಮುಟ್ಟಿರುತ್ತದೆ. ಡೀಸೆಲ್ ಜಾಸ್ತಿ, ಗಾಳಿ ಕಡಿಮೆ, ಮಸಿ. ಕ್ಲಚ್ಚಿನ ಎಣ್ಣೆ ಸೋರಿದ್ದು ಸೈಲೆನ್ಸರಿನಲ್ಲಿ ಕಪ್ಪಾಗಿ ಹೊರಬರುತ್ತಿತ್ತು. ಎರಡು ತಕರಾರುಗಳಿಗೆ ಎರಡು ಬಿಲ್ಲು ಬರೆದವರಿಗೆ ಈ ಒಂದು ಕೊಂಡಿ ಕಂಡಿರಲಿಲ್ಲ.

ಗೇರ್ ಸರಿಯಾದಮೇಲೆ ಹೊಗೆ ಇಳಿಯಿತು, ಪೂರ್ತಿ ಹೋಗಲಿಲ್ಲ. ಸ್ಕ್ಯಾನರ್ ಹಚ್ಚಿದರೆ ಯಾವ ಕೋಡೂ ಇಲ್ಲ. ಏರ್ ಫಿಲ್ಟರ್ ಚೊಕ್ಕಟ. ಪರೀಕ್ಷೆಗೆ ಬೇಲಾಪುರದ ಪಾರ್ಸಿಕ್ ಗುಡ್ಡದ ಏರಿಗೆ ಕರೆದೊಯ್ದರು. ಸಪಾಟು ಊರಿನಲ್ಲಿ ಎಂಜಿನ್ನಿಗೆ ಭಾರ ಕೊಡಲು ಅದೇ ಹತ್ತಿರದ ಜಾಗ. ಕಿಟಕಿ ಇಳಿಸಿ, ರೇಡಿಯೊ ಬಂದ್ ಮಾಡಿ ಎರಡನೇ ಗೇರಿನಲ್ಲಿ ಹತ್ತಿಸಿದಾಗ ಬಾನೆಟ್ಟಿನ ಒಳಗಿಂದ ಸಣ್ಣ ಸಿಳ್ಳೆ ಕೇಳಿಸಿತು. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸಿನಲ್ಲಿ ಕ್ಲಿಪ್ಪಿನ ಕೆಳಗೆ ಬೆರಳುದ್ದದ ಸೀಳು. ನಿಂತಾಗ ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗಷ್ಟೇ ಬಾಯಿ ಬಿಡುತ್ತದೆ. ಗಾಳಿಯನ್ನು ಅಳೆಯುವ ಸೆನ್ಸರ್ ಇರುವುದು ಟರ್ಬೊಗಿಂತ ಮುಂಚೆ. ಕಂಪ್ಯೂಟರ್ ಅಳೆದ ಗಾಳಿಗೆ ತಕ್ಕಂತೆ ಡೀಸೆಲ್ ಬಿಡುತ್ತದೆ, ಆದರೆ ಗಾಳಿಯ ಒಂದು ಪಾಲು ದಾರಿಯಲ್ಲೇ ಹೊರಗೆ ಹೋಗಿರುತ್ತದೆ. ಹೋಸಿನ ಹೊರಮೈ ಎಣ್ಣೆ ಧೂಳಿನಿಂದ ಒದ್ದೆಯಾಗಿದ್ದ ಜಾಗದಲ್ಲೇ ಸೀಳು ಇತ್ತು. ನಿಮ್ಮ ಕಾರಿನಲ್ಲೂ ಹುಡುಕುವಾಗ ಮೊದಲು ಒದ್ದೆ ಜಾಗ ಹುಡುಕಿ.

ಅದೇ ಹೊತ್ತಿಗೆ ಇಜಿಆರ್ ವಾಲ್ವ್ ಬಿಚ್ಚಿದರು. ಉರಿದ ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸಿ ಉರಿಯ ಬಿಸಿ ತಗ್ಗಿಸುವ ಬಾಗಿಲು ಅದು. ನೈಟ್ರೋಜನ್ ಆಕ್ಸೈಡುಗಳನ್ನು ಕಡಿಮೆ ಮಾಡಲು ಇಟ್ಟದ್ದು. ಬಿಸಿಯಾಗದ ಎಂಜಿನ್ನಿನಲ್ಲಿ ಮಸಿಯೂ ಎಣ್ಣೆಯ ಆವಿಯೂ ಸೇರಿ ಡಾಂಬರಿನಂತೆ ಅಲ್ಲಿ ಕಟ್ಟುತ್ತದೆ. ಬಾಗಿಲು ಪೂರ್ತಿ ಮುಚ್ಚದೆ, ಏರಿನಲ್ಲಿ ಎಂಜಿನ್ ಶುದ್ಧ ಗಾಳಿ ಕೇಳುವಾಗ ಹೊಗೆಯನ್ನೇ ಕುಡಿಸುತ್ತಿತ್ತು. ಕೆಲವರು ಅದನ್ನು ಪ್ಲೇಟ್ ಹಾಕಿ ಮುಚ್ಚಿಬಿಡಿ ಎನ್ನುತ್ತಾರೆ. ನಾನು ಮುಚ್ಚಿಸಲಿಲ್ಲ. ಕಪ್ಪು ಹೊಗೆ ಕಾಣದಂತೆ ಮಾಡಿ ಕಾಣದ ವಿಷವನ್ನು ಹೆಚ್ಚಿಸುವುದು ರಿಪೇರಿಯಲ್ಲ.

ಕೊನೆಗೆ ಇಂಜೆಕ್ಟರ್. ಧಾರವಾಡದ ಕಡೆ ಲಾರಿ ಟ್ರ್ಯಾಕ್ಟರ್ ನೋಡುತ್ತ ಬೆಳೆದವರಿಗೆ ಮೈಕೋ ಪಂಪು ಪರಿಚಯ. 1951ರಲ್ಲಿ ಹುಟ್ಟಿದ ಆ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಪಂಪು, ನಾಝಲ್ ಮಾಡುತ್ತ ಮನೆಮಾತಾಯಿತು, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಆ ಪಂಪಿನ ಕಾಲದಲ್ಲಿ ಮೇಸ್ತ್ರಿ ಸ್ಕ್ರೂ ತಿರುಗಿಸಿ ಹೊಗೆ ಇಳಿಸುತ್ತಿದ್ದ. 1997ರಲ್ಲಿ ಆಲ್ಫಾ ರೋಮಿಯೊ 156 ಮೂಲಕ ಕಾರುಗಳಿಗೆ ಕಾಮನ್ ರೈಲ್ ಬಂದಮೇಲೆ ಆ ದಾರಿ ಮುಚ್ಚಿತು. ಈಗ ಮಾಡಬಹುದಾದ ಸರಳ ಪರೀಕ್ಷೆ, ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟಿ ಎಂಜಿನ್ ಓಡಿಸುವುದು. ಯಾವ ಬಾಟಲಿ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ನನ್ನವು ಸಮಸಮವಾಗಿ ತುಂಬಿದವು, ಬಿಚ್ಚುವ ಗೋಜಿಗೇ ಹೋಗಲಿಲ್ಲ. ಇದನ್ನು ಮನೆಯಲ್ಲಿ ಮಾಡಬೇಡಿ. ಕಾರಿನ ಟಯರಿನಲ್ಲಿ ಎರಡೂಚಿಲ್ಲರೆ ಬಾರ್ ಗಾಳಿ ಇದ್ದರೆ ಇಂಜೆಕ್ಟರಿನ ಮುಖ್ಯ ಪೈಪಿನಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡ ಇರುತ್ತದೆ. ಅಲ್ಲಿಂದ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗಿಳಿಯುತ್ತದೆ.

ಟರ್ಬೊ? ಹೋಸ್ ಬಿಚ್ಚಿದ್ದಾಗ ಅದರ ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಆಡಿಸಿದರು. ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಇರಬಹುದು, ಹಿಂದೆ ಮುಂದೆ ಇರಬಾರದು. ಇರಲಿಲ್ಲ. ಅದೇ ಟರ್ಬೊ ಈಗಲೂ ಕೆಲಸ ಮಾಡುತ್ತಿದೆ.

ಈ ಅವಧಿಯಲ್ಲೆಲ್ಲ ನನ್ನ ಕಾರಿನ ಹೊಗೆ ತಪಾಸಣೆಯ ಪಿಯುಸಿ ಸರ್ಟಿಫಿಕೇಟ್ ಊರ್ಜಿತದಲ್ಲೇ ಇತ್ತು ಎನ್ನುವುದನ್ನು ಹೇಳಲೇಬೇಕು. ಬಿಎಸ್-3 ಮತ್ತು ಅದಕ್ಕೂ ಹಳೆಯ ಡೀಸೆಲ್ಲಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಯೂನಿಟ್, ಬಿಎಸ್-4ಕ್ಕೆ 50. ಪರೀಕ್ಷೆ ನಡೆಯುವುದು ನ್ಯೂಟ್ರಲ್ಲಿನಲ್ಲಿ, ಕಾರು ನಿಂತಲ್ಲೇ ಆಕ್ಸಿಲರೇಟರ್ ಒತ್ತಿ. ಭಾರವಿಲ್ಲದೆ ಟರ್ಬೊ ಪೂರ್ತಿ ಒತ್ತಡ ಕಟ್ಟುವುದಿಲ್ಲ, ಸೀಳಿದ ಹೋಸ್ ಬಾಯಿ ಬಿಡುವುದಿಲ್ಲ. ಪಾಸಾದ ಕಾರೇ ಫ್ಲೈಓವರಿನ ಮೇಲೆ ಹಿಂದಿನ ಸ್ಕೂಟರಿನವನ ಮುಖಕ್ಕೆ ಮಸಿ ಉಗುಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಸ್ಟೇಷನ್ ಎದುರು ರಿಕ್ಷಾಕ್ಕೆ ನಿಂತ ಮಕ್ಕಳ ಎತ್ತರಕ್ಕೇ ನಮ್ಮ ಸೈಲೆನ್ಸರಿನ ಹೊಗೆ ಏಳುತ್ತದೆ. ಹಳೆಯ ಕಾರನ್ನು ಇಟ್ಟುಕೊಳ್ಳುವ ಹಕ್ಕು ನಮಗಿದೆ ಎಂದು ವಾದಿಸುವ ನಾನು, ಹೊಗೆ ಬಿಡುವ ಹಕ್ಕು ಯಾರಿಗೂ ಇಲ್ಲ ಎಂದೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ಈಗ ವಾರಕ್ಕೊಮ್ಮೆ ಬೆಳ್ಳಂಬೆಳಿಗ್ಗೆ, ರಸ್ತೆ ಖಾಲಿ ಇರುವಾಗ, ಪಾಮ್ ಬೀಚ್ ರಸ್ತೆಯಲ್ಲಿ ವಾಶಿಯ ತುದಿಯವರೆಗೆ ಹೋಗಿ ಬರುತ್ತೇನೆ. ವೇಗದ ಮಿತಿಯೊಳಗೇ, ಒಂದು ಗೇರ್ ಕಡಿಮೆ ಇಟ್ಟು, ಎಂಜಿನ್ ಚೆನ್ನಾಗಿ ಬಿಸಿಯಾಗುವಂತೆ. 2024ರಲ್ಲಿ ಹದಿನೈದು ವರ್ಷ ತುಂಬಿದಾಗ ಫಿಟ್‌ನೆಸ್ ಪರೀಕ್ಷೆ ಮುಗಿಸಿ ರಿಜಿಸ್ಟ್ರೇಷನ್ ಇನ್ನೂ ಐದು ವರ್ಷಕ್ಕೆ ನವೀಕರಿಸಿಕೊಂಡೆ. ಆಮೇಲೆ ಊರಿಗೆ ಹೋದಾಗ ಖಂಬಾಟಕಿ ಘಾಟನ್ನು ಎರಡನೇ, ಮೂರನೇ ಗೇರಿನಲ್ಲಿ ಹತ್ತಿಸಿದೆ, ಹಿಂದಿನ ಕನ್ನಡಿಯಲ್ಲಿ ಕಂಡದ್ದು ರಸ್ತೆ ಮಾತ್ರ.

ಹಳೆಯ ಡೀಸೆಲ್ ಇಟ್ಟುಕೊಂಡವರಲ್ಲಿ ನನ್ನದೊಂದು ಕೇಳಿಕೆ. ಗ್ಯಾರೇಜಿಗೆ ಹೋಗುವ ಮುಂಚೆ ಒಂದು ಕಾಗದದ ಮೇಲೆ ಬರೆದುಕೊಳ್ಳಿ: ಹೊಗೆ ಯಾವ ಗೇರಿನಲ್ಲಿ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಏರಿನಲ್ಲೋ ಸಪಾಟಿನಲ್ಲೋ, ಎಂಜಿನ್ ಬಂದ್ ಇದ್ದಾಗ ಗೇರ್ ಹೇಗೆ ಕೂರುತ್ತದೆ, ಚಾಲೂ ಇದ್ದಾಗ ಹೇಗೆ. ಅದನ್ನು ಓದಿ ನೋಡದೆ ಪಾನೆ ಎತ್ತುವವರ ಕೈಗೆ ಕಾರಿನ ಬೀಗದ ಕೈ ಕೊಡಬೇಡಿ. ಮತ್ತು ಈ ವಾರವೇ ಬಾನೆಟ್ ಎತ್ತಿ, ಕ್ಲಚ್ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದು ಬಣ್ಣ ನೋಡಿ. ಕಪ್ಪಗಿದ್ದರೆ ಬದಲಿಸಿ.