ಬಿಳಿ ಕುರಿ, ಕರಿ ಮರಿ

ತೇರಗಾಂವದ ಅಕ್ಕಂದಿರೇ, ಕುರಿ ಬಿಳಿ, ಟಗರೂ ಬಿಳಿ. ಮರಿ ಮಾತ್ರ ಕರಿ! “ಇದ್ಯಾಕ ಹಿಂಗಾತು? ಅಪಶಕುನ ಏನ?”

ಅಲ್ಲವ್ವಾ. ಮರಿಗೆ ಬಣ್ಣದ ಗುಣ ಎರಡು ಬರುತ್ತವೆ. ತಾಯಿಯಿಂದ ಒಂದು, ತಂದೆಯಿಂದ ಒಂದು. ಇವಕ್ಕೆ ಜೀನ್ ಎನ್ನುತ್ತಾರೆ. ಅನೇಕ ತಳಿಗಳಲ್ಲಿ ಬಿಳಿ ಗುಣ ಜೋರು. ಅದು ಒಂದಿದ್ದರೂ ಉಣ್ಣೆ ಬಿಳಿ. ಕರಿ ಗುಣ ಒಳಗೆ ಅಡಗಿರುತ್ತದೆ. ಎರಡೂ ಕಡೆಯಿಂದ ಕರಿ ಗುಣವೇ ಬಂದರೆ ಮರಿ ಕರಿ. ತಂದೆ ತಾಯಿ ಇಬ್ಬರಲ್ಲೂ ಅದು ಅಡಗಿದ್ದರೆ, ಸರಾಸರಿ ನಾಲ್ಕರಲ್ಲಿ ಒಂದು ಮರಿ ಹೀಗೆ ಹುಟ್ಟುತ್ತದೆ. ಬಟಾಣಿ ಗಿಡ ಬೆಳೆಸಿ ಮೆಂಡೆಲ್ ಇದೇ ಲೆಕ್ಕವನ್ನು 1866ರಲ್ಲಿ ಪ್ರಕಟಿಸಿದರು.

ದಖ್ಖನಿ ಕುರಿಯ ಕರಿ ಉಣ್ಣೆಯಿಂದ ಬಣ್ಣ ಹಾಕದೆಯೇ ಕಂಬಳಿ ನೇಯುತ್ತಾರೆ. ಕರಿ ಮರಿ ಅಂತ ಅಗ್ಗಕ್ಕೆ ಕೊಡಬೇಡಿ. ತಾಯಿಯನ್ನೂ ದೂರಬೇಡಿ. ಕುರಿಯಾಗಲಿ, ಮನುಷ್ಯರಾಗಲಿ, ಹುಟ್ಟಿದ ಕೂಸಿನ ಬಣ್ಣ ತಾಯಿ ಒಬ್ಬಳಿಂದ ಬಂದದ್ದಲ್ಲ.