ಕುವೈತ್ ರಸ್ತೆ ಕಲಿಸಿದ್ದು

ಕುವೈತಿನಲ್ಲಿ ರಸ್ತೆ ಕೆಲಸ ಅಂದ ಕೂಡಲೇ ಊರಿನವರ ಮೊದಲ ಪ್ರಶ್ನೆ: ‘ಆ ಬಿಸಿಲಿಗೆ ಡಾಂಬರು ಕರಗೋದಿಲ್ವಾ?’ ಸೈಟಿನಲ್ಲಿ ನಿಂತವರಿಗೆ ಬೇರೆಯೇ ಚಿಂತೆ.

1. ಬಿಸಿಲಿಗಿಂತ ನೀರಿಗೆ ಹೆದರಿ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಯಿತು. ಅಂಥ ಕಾವಿಗೆ ಪಾಲಿಮರ್ ಬೆರೆಸಿದ ಡಾಂಬರು ಇದೆ. ಮಳೆಯ ಲೆಕ್ಕವೇ ತಪ್ಪುವುದು. ಇಲ್ಲಿ ವರ್ಷವಿಡೀ ಬೀಳುವ ನೂರು ಚಿಲ್ಲರೆ ಮಿಲಿಮೀಟರ್ ಆಗುಂಬೆಯಲ್ಲಿ ಒಂದೇ ದಿನ ಬಿದ್ದೀತು. ಆದರೂ 2018ರ ನವೆಂಬರಿನ ಮಳೆಗೆ ರಸ್ತೆಗಳ ಮೇಲ್ಪದರ ಕಿತ್ತುಬಂತು, ಎದ್ದ ಜಲ್ಲಿ ಕಾರುಗಳ ಗಾಜು ಒಡೆಯಿತು. ಲೋಕೋಪಯೋಗಿ ಸಚಿವ ಹುಸಾಮ್ ಅಲ್-ರೂಮಿ ರಾಜೀನಾಮೆ ಕೊಟ್ಟರು.

2. ಜಲ್ಲಿಯ ಗುಣ ನೋಡದೆ ದರ ನೋಡಬೇಡಿ. ಇಲ್ಲಿನ ಮರಳುಗಾಡಿನ ಜಲ್ಲಿಯಲ್ಲಿ ಸಿಲಿಕಾ ಹೆಚ್ಚು. ಸಿಲಿಕಾ ಕಲ್ಲಿಗೆ ಡಾಂಬರಿಗಿಂತ ನೀರೇ ಇಷ್ಟ. ಸಂದಿಗೆ ನುಸುಳಿದ ನೀರು ಡಾಂಬರನ್ನು ಕಲ್ಲಿನಿಂದ ಬಿಡಿಸುತ್ತದೆ. ಇದನ್ನು ನೋಡಲು ದೊಡ್ಡ ಲ್ಯಾಬ್ ಬೇಡ. ಡಾಂಬರು ಬಳಿದ ಒಂದು ಹಿಡಿ ಜಲ್ಲಿಯನ್ನು ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಕಾಗದದ ಮೇಲೆ ಹರಡಿ. ಒಳ್ಳೆಯ ಕಲ್ಲು ಕಪ್ಪಾಗಿಯೇ ಉಳಿಯುತ್ತದೆ. ಕೆಟ್ಟದ್ದು ಅಂಚಿನಿಂದ ಬೋಳಾಗಿ, ಬಿಟ್ಟ ಡಾಂಬರು ಪಾತ್ರೆಯ ಅಂಚಿಗೆ ಸೇರಿರುತ್ತದೆ. ಎಮಿರೇಟ್ಸ್‌ನಿಂದ ಹಡಗಿನಲ್ಲಿ ಬರುವ ಗ್ಯಾಬ್ರೋ ಕಲ್ಲು ದುಬಾರಿ, ಆದರೆ ಹಿಡಿತ ಚೆನ್ನಾಗಿದೆ. ಮಿಶ್ರಣಕ್ಕೆ ಶೇಕಡ ಒಂದೆರಡರಷ್ಟು ಅರಳಿದ ಸುಣ್ಣ ಹಾಕಿದರೆ ಅಂಟು ಇನ್ನೂ ಗಟ್ಟಿ. ಆ ಸುಣ್ಣದ ಖರ್ಚು ಉಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

3. ಅಗ್ಗದ ಜಲ್ಲಿಯ ಬಿಲ್ ಬೇರೆಯವರಿಗೆ ಹೋಗುತ್ತದೆ. ಜಲ್ಲಿಗಾಗಿ ಮರಳುಗಾಡು ಬಗೆದಲ್ಲಿ ಮೇಲಿನ ಗಟ್ಟಿ ಪದರ ಒಡೆದು, ಗಾಳಿಗೆ ದೂಳು ಏಳುತ್ತದೆ. ಹಡಗಿನ ಕಲ್ಲಿಗೂ ಇಂಧನದ ಹೊಗೆ ಅಂಟಿದೆ, ನಿಜ. ಆದರೂ ಒಂದೇ ರಸ್ತೆಯನ್ನು ಎರಡೆರಡು ಸಲ ಹಾಸುವುದಕ್ಕಿಂತ ಅದೇ ವಾಸಿ.

4. ಕಾಂಕ್ರೀಟ್ ಎಲ್ಲ ಕಡೆಗೂ ಮದ್ದಲ್ಲ. ಬೆಂಗಳೂರಿನ ವೈಟ್‌ಟಾಪಿಂಗ್ ನೋಡಿದವರು ‘ಅಲ್ಲೂ ಅದನ್ನೇ ಮಾಡಿ’ ಅನ್ನುತ್ತಾರೆ. ಬಾಳಿಕೆ ಹೆಚ್ಚು, ಒಪ್ಪಿದೆ. ಆದರೆ ಒಂದು ಟನ್ ಸಿಮೆಂಟ್ ತಯಾರಾಗುವಾಗ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇಲ್ಲಿನ ಕರಾವಳಿಯ ಉಪ್ಪು ನೆಲ ಕಾಂಕ್ರೀಟನ್ನೂ ತಿನ್ನುತ್ತದೆ. ಕೇಬಲಿಗೆ, ಪೈಪಿಗೆ ಅಗೆಯುತ್ತಲೇ ಇರುವ ಬಡಾವಣೆಗೆ ಅದು ಬೇಡವೇ ಬೇಡ.

5. ಟೈರ್ ರಾಶಿಯನ್ನೂ ಸರಕೆಂದೇ ನೋಡಿ. ಕುವೈತಿನ ರಹಿಯಾ ಎಂಬಲ್ಲಿ ಬಿದ್ದಿದ್ದ ನಾಲ್ಕು ಕೋಟಿಗೂ ಹೆಚ್ಚು ಹಳೇ ಟೈರುಗಳನ್ನು 2021ರಲ್ಲಿ ಸಾಲ್ಮಿ ಎಂಬ ಜಾಗಕ್ಕೆ ಸಾಗಿಸಿದರು. ಅವನ್ನು ಪುಡಿ ಮಾಡಿ ಡಾಂಬರಿಗೆ ಬೆರೆಸಿದರೆ ಬಿರುಕು ಕಡಿಮೆ. ಕೆರೆದು ತೆಗೆದ ಹಳೇ ಡಾಂಬರೂ ಅಷ್ಟೇ. ಅದನ್ನು ಗುಡ್ಡೆ ಹಾಕಿ ಬಿಡುವುದು ದಂಡ.

6. ಟೆಂಡರ್ ಮೊತ್ತ ಅರ್ಧ ಲೆಕ್ಕ ಮಾತ್ರ. ಇಪ್ಪತ್ತು ವರ್ಷದ ತೇಪೆ, ಮರುಹಾಸು, ಒಡೆದ ಗಾಜು ಎಲ್ಲ ಸೇರಿಸಿ ನೋಡಿ. ನಿಮ್ಮ ಬೀದಿಗೆ ಡಾಂಬರು ಬೀಳುವಾಗ ಎಂಜಿನಿಯರನ್ನು ಎರಡು ಮಾತು ಕೇಳಿ: ನೀರು ಎಲ್ಲಿಗೆ ಹೋಗುತ್ತದೆ? ಕೆಟ್ಟರೆ ಗುತ್ತಿಗೆದಾರ ಎಷ್ಟು ವರ್ಷದವರೆಗೆ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು? ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.